ಕೇಳದೆ ಕೂತ ಮೂಲಗೇಣಿದಾರರು

ಈ ವಾರ್ಷಿಕಕ್ಕೆ ಲೇಖನ ಕೇಳಿದ ಸಂಪಾದಕ ಮಿತ್ರರು, ನಾನು ಕನ್ನಡ ಶಾಲೆಗಳ ಬಗ್ಗೆಯೋ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆಯೋ ಬರೆಯುವೆನೆಂದು ನಿರೀಕ್ಷಿಸಿದ್ದರು. ಆ ವಿಷಯದಲ್ಲಿ ನಾನು ಬರೆದದ್ದು ಸಾಕಷ್ಟಿದೆ, ಓದಿದವರಿಗೂ ಸಾಕಾಗಿರಬೇಕು. ಈ ಸಲ ಮೊಬೈಲ್ ಫೋನಿನ ಬಗ್ಗೆ ಬರೆಯುತ್ತೇನೆ. ಸಾಹಿತ್ಯದ ಸಂಚಿಕೆಯಲ್ಲಿ ಇದೆಂತ ಅಧಿಕಪ್ರಸಂಗ ಎನ್ನುವವರು ಎರಡು ಪುಟ ತಾಳ್ಮೆಯಿಂದ ಓದಲಿ, ಆಮೇಲೆ ಬಯ್ಯಲಿ.

ನನ್ನ ಭಾವ ತಾಳಮದ್ದಳೆಯ ಅರ್ಥಧಾರಿಯಾಗಿದ್ದರು. ದೊಡ್ಡ ಹೆಸರಿನವರಲ್ಲ. ಊರ ದೇವಸ್ಥಾನದಲ್ಲಿ, ನೆಂಟರಿಷ್ಟರ ಮನೆಯ ಪೂಜೆಯ ರಾತ್ರಿಗಳಲ್ಲಿ ಅರ್ಥ ಹೇಳುತ್ತಿದ್ದವರು. ವಾಲಿಯ ಪಾತ್ರವೆಂದರೆ ಅವರಿಗೆ ಪ್ರಾಣ. 2023ರ ಮಳೆಗಾಲದಲ್ಲಿ ತೀರಿಕೊಂಡರು. ಅದಕ್ಕೆ ಮೊದಲಿನ ಒಂದೆರಡು ವರ್ಷಗಳಲ್ಲಿ ಅಕ್ಕ ತನ್ನ ಫೋನಿನಲ್ಲಿ ಅವರ ಅರ್ಥವನ್ನು ಹಿಡಿದಿಟ್ಟುಕೊಂಡಿದ್ದಳು. ಹದಿಮೂರು ತುಣುಕುಗಳು, ಕೆಲವು ಮುಕ್ಕಾಲು ಗಂಟೆಯವು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಒಂದನ್ನು ಹಾಕಿ ಕೇಳುವುದು ಅವಳ ರೂಢಿಯಾಗಿತ್ತು.

2025ರ ಫೆಬ್ರವರಿಯಲ್ಲಿ ಒಂದು ದಿನ ಫೋನು ಜಾಗವಿಲ್ಲ ಎಂದಿತು. ದುಬೈಯಲ್ಲಿರುವ ಮಗನ ಕರೆ ಬರುವುದು ನಿಂತಿತು. ಫೋನಿನೊಳಗೆ ಮೊದಲಿನಿಂದಲೇ ಇದ್ದ, ಕಸ ಗುಡಿಸಿ ಕೊಡುತ್ತೇನೆನ್ನುವ ಒಂದು ಆ್ಯಪ್ ಪರದೆಯ ಮೇಲೆ ಎದ್ದು ಬಂತು. ದೊಡ್ಡ ಕಡತಗಳನ್ನು ತೆಗೆದರೆ ಜಾಗವಾದೀತು ಎಂದು ಇಂಗ್ಲಿಷಿನಲ್ಲಿ ಹೇಳಿ, ಕೆಳಗೆ ಒಂದು ನೀಲಿ ಗುಂಡಿಯನ್ನು ತೋರಿಸಿತು. ಕನ್ನಡ ಮಾಧ್ಯಮದಲ್ಲಿ ಏಳನೆಯ ತನಕ ಓದಿದ ಅಕ್ಕ ಗುಂಡಿಯನ್ನು ಒತ್ತಿದಳು. ಜಾಗವೇನೋ ಆಯಿತು. ಮಗನ ಕರೆಯೂ ಬಂತು. ಸಂಜೆ ದೀಪ ಹಚ್ಚಿ ಬಂದು ಹುಡುಕಿದರೆ ಹದಿಮೂರರಲ್ಲಿ ಒಂದೂ ಇಲ್ಲ.

ಮರುದಿನ ನಾನು ಹೋಗಿ ಆ ಫೋನನ್ನು ಕೈಗೆತ್ತಿಕೊಂಡೆ. ಹೋದದ್ದನ್ನು ತರಲು ನನಗೆ ತಿಳಿದ ದಾರಿಗಳೆಲ್ಲ ಮುಗಿದ ಮೇಲೆ, ಉಳಿದದ್ದು ಏನೇನು ಎಂದು ಎಣಿಸಲು ಕೂತೆ. ಅಕ್ಕ ಒಮ್ಮೆಯೂ ತೆರೆಯದ ಇಪ್ಪತ್ತೆರಡು ಆ್ಯಪ್‌ಗಳಿದ್ದವು. ಇಸ್ಪೀಟಿನ ಆಟ, ಒಂದರ ಮೇಲೊಂದು ಎರಡು ಬ್ರೌಸರು, ಸಾಲ ಕೊಡುತ್ತೇನೆನ್ನುವ ಒಂದು, ಸಿನಿಮಾ ತಾರೆಯರ ಸುದ್ದಿಯ ಒಂದು, ಕಂಪೆನಿಯದ್ದೇ ಆದ ಅಂಗಡಿ, ಕಂಪೆನಿಯದ್ದೇ ಆದ ಹಾಡಿನ ಪೆಟ್ಟಿಗೆ. ಎಲ್ಲವೂ ಕ್ಷೇಮ. ಒಂದೊಂದನ್ನೂ ಒತ್ತಿ ಹಿಡಿದು ನೋಡಿದೆ. ಹೆಚ್ಚಿನವುಗಳಿಗೆ ತೆಗೆದುಹಾಕುವ ಗುಂಡಿಯೇ ಇಲ್ಲ. ಕಸ ಗುಡಿಸುವ ಆ್ಯಪ್‌ಗೂ ಇಲ್ಲ. ಆ ಮನೆಯಲ್ಲಿ ಅಳಿಸಲು ಸಾಧ್ಯವಿದ್ದದ್ದು ಭಾವನ ಧ್ವನಿ, ಅಳಿಸಲು ಸಾಧ್ಯವಿಲ್ಲದ್ದು ಇಸ್ಪೀಟು.

ಇದನ್ನು ಅಲ್ಲಿ ಇಟ್ಟವರು ಯಾರು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಾನು ಮೂರು ಬಾಗಿಲು ಹತ್ತಿಳಿದೆ.

ಮೊದಲು ಫೋನು ಕೊಂಡ ಅಂಗಡಿ. ಅಲ್ಲಿನ ಹುಡುಗ ನನ್ನ ಹಳೆಯ ಶಿಷ್ಯನೊಬ್ಬನ ಮಗ. ‘ಅದ್ ಕಳಯಾನ್ ಪಟ್ಟೂಲ್ಲ ಮಾಷೇ, ಅದ್ ಕಂಬನಿ ವೆಚ್ಚದಾ’ ಎಂದ. ಕಂಪೆನಿ ಎಂಬುದನ್ನು ಮಲಯಾಳದ ಬಾಯಿ ಕಂಬನಿ ಎನ್ನುತ್ತದೆ. ಎರಡೂ ಭಾಷೆಯ ಓದುಗರಿರುವ ಈ ಸಂಚಿಕೆಯಲ್ಲಿ ಅದನ್ನು ವಿವರಿಸುವ ಅಗತ್ಯವಿಲ್ಲ. ಕನ್ನಡದ ಕಿವಿಗೆ ಅದು ಬೇರೆಯೇ ಆಗಿ ಕೇಳಿತೆಂದಷ್ಟೇ ಹೇಳುತ್ತೇನೆ. ಇಪ್ಪತ್ತೆರಡರಲ್ಲಿ ಒಂದನ್ನು ತಾನೇ ಹಾಕಿದ್ದೆಂದೂ, ಅದಕ್ಕೆ ತನಗೆ ಕೆಲವು ರೂಪಾಯಿ ಕಮಿಷನ್ ಸಿಗುತ್ತದೆಂದೂ ಅವನು ಒಪ್ಪಿಕೊಂಡ. ಒಪ್ಪಿಕೊಂಡ ಕಾರಣಕ್ಕೆ ಅವನ ಮೇಲೆ ನನಗೆ ಸಿಟ್ಟಿಲ್ಲ. ಈ ಇಡೀ ಪ್ರಕರಣದಲ್ಲಿ ‘ಹೌದು, ನಾನು’ ಎಂದವನು ಅವನೊಬ್ಬನೇ.

ಎರಡನೆಯದು ಮಂಗಳೂರಿನ ಸರ್ವೀಸ್ ಸೆಂಟರ್. ತಂತ್ರಾಂಶದ ವಿಷಯ ನಮ್ಮದಲ್ಲ, ಪರದೆ ಒಡೆದಿದ್ದರೆ ಹೇಳಿ ಎಂದರು. ಮೂರನೆಯದು ಕಂಪೆನಿಯ ದೂರವಾಣಿ. ಹಿಂದಿ ಬೇಕಾದರೆ ಒಂದು, ಇಂಗ್ಲಿಷ್ ಬೇಕಾದರೆ ಎರಡು ಒತ್ತಿ, ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ, ‘ಸರ್, ಆಂಡ್ರಾಯ್ಡ್ ಗೂಗಲ್‌ನದ್ದು’ ಎಂದಳು.

ಇಷ್ಟಾದ ಮೇಲೆ ನನ್ನ ತಂಗಿಯ ಮಗನನ್ನು ಕೇಳಿದೆ. ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿರುವವನು, ಬುದ್ಧಿವಂತ. ‘ಮಾವ, ಇದರಲ್ಲಿ ಒಬ್ಬರನ್ನು ಹಿಡಿಯಲಿಕ್ಕೆ ಆಗುವುದಿಲ್ಲ, ಎಲ್ಲರೂ ಜವಾಬ್ದಾರರೇ’ ಎಂದ. ನಾನು ಈ ಲೇಖನವನ್ನು ಬರೆಯುತ್ತಿರುವುದು ಆ ಒಂದು ಮಾತಿನ ವಿರುದ್ಧ. ಎಲ್ಲರೂ ಜವಾಬ್ದಾರರು ಎಂಬ ಮಾತನ್ನು ಗಡಿನಾಡಿನವರಾದ ನಾವು ಬಹಳ ಕೇಳಿದ್ದೇವೆ. 1956ರಲ್ಲಿ ನಮ್ಮನ್ನು ಕೇಳದೆ ಗೆರೆ ಎಳೆದದ್ದು ಯಾರೆಂದು ವಿಚಾರಿಸಿದಾಗಲೂ ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸಿದರು. ಇರಲಿ, ಅದು ಬೇರೆ ಕಥೆ. ಬೆರಳು ತೋರಿಸುವ ಈ ವಿದ್ಯೆಯ ಪರಿಚಯ ನಮಗುಂಟು ಎಂದು ಹೇಳಲು ಮಾತ್ರ ಅದನ್ನು ನೆನೆದೆ.

ಮೊದಲು ಗೂಗಲ್‌ನ ಪಾಲು ಎಷ್ಟೆಂದು ನೋಡೋಣ. ಆಂಡ್ರಾಯ್ಡ್ ಘೋಷಣೆಯಾದದ್ದು 2007ರ ನವೆಂಬರಿನಲ್ಲಿ. ಮೊದಲ ಫೋನು ಬಂದದ್ದು 2008ರಲ್ಲಿ. ಅದರ ಮೂಲಪಾಠವನ್ನು ಯಾರು ಬೇಕಾದರೂ ತೆಗೆದುಕೊಂಡು ಫೋನು ಮಾಡಬಹುದು. ಆದರೆ ಪ್ಲೇ ಸ್ಟೋರ್ ಇಲ್ಲದ ಫೋನನ್ನು ನಮ್ಮಲ್ಲಿ ಕೊಳ್ಳುವವರು ಯಾರು? ಪ್ಲೇ ಸ್ಟೋರ್ ಬೇಕೆಂದಾದರೆ ಫೋನು ಮಾಡುವವನು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಾಗಿತ್ತು. ಆ ಒಪ್ಪಂದದ ಪ್ರಕಾರ ಹುಡುಕಾಟ, ಕ್ರೋಮ್, ಯೂಟ್ಯೂಬ್, ಮ್ಯಾಪ್ ಎಂದು ಇಡೀ ಕಟ್ಟನ್ನೇ ಇಳಿಸಿಕೊಳ್ಳಬೇಕಾಗಿತ್ತು. ರೇಷನ್ ಅಂಗಡಿಯಲ್ಲಿ ಅಕ್ಕಿ ಬೇಕಾದವನಿಗೆ ಸಾಬೂನನ್ನೂ ಕಟ್ಟಿ ಕೊಟ್ಟ ಹಾಗೆ. 2018ರ ಜುಲೈ 18ರಂದು ಯುರೋಪಿಯನ್ ಆಯೋಗ ಇದಕ್ಕಾಗಿ ಗೂಗಲ್‌ಗೆ 434 ಕೋಟಿ ಯೂರೋ ದಂಡ ವಿಧಿಸಿತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಜನರಲ್ ಕೋರ್ಟು ದಂಡವನ್ನು 412.5 ಕೋಟಿಗೆ ಇಳಿಸಿದರೂ ಆಯೋಗದ ತೀರ್ಮಾನವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ನಮ್ಮ ದೇಶದ ಸ್ಪರ್ಧಾ ಆಯೋಗವೂ ಹಿಂದೆ ಬೀಳಲಿಲ್ಲ. 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ಹಾಕಿತು. ತೆಗೆದುಹಾಕಲಾಗದ ಹಾಗೆ ಇಡೀ ಕಟ್ಟನ್ನು ಮೊದಲೇ ತುಂಬಿಸುವುದು ಅನ್ಯಾಯದ ಷರತ್ತು ಎಂದಿತು.

ಇದನ್ನು ಓದಿ ನನಗೆ ಸಂತೋಷವಾಯಿತು. ಆದರೆ ಇನ್ನೊಮ್ಮೆ ಓದಿದೆ. ಅನ್ಯಾಯ ಯಾರಿಗೆ? ಫೋನು ತಯಾರಿಸುವ ಕಂಪೆನಿಗಳಿಗೆ ಎಂದು ಬರೆದಿತ್ತು. ನನ್ನ ಅಕ್ಕನಂಥವರಿಗೆ ನೇರವಾಗಿ ದಕ್ಕಬಹುದಾಗಿದ್ದ ಸಾಲೊಂದು ಆ ಆದೇಶದಲ್ಲಿ ಇತ್ತು: ಮೊದಲೇ ತುಂಬಿಸಿದ ತನ್ನ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕುವುದಕ್ಕೆ ಗೂಗಲ್ ಅಡ್ಡಿ ಮಾಡಬಾರದು ಎಂಬ ಸಾಲು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿಕೊಂಡು ಕೆಲವು ನಿರ್ದೇಶನಗಳನ್ನು ಕೈಬಿಟ್ಟಿತು. ಕೈಬಿಟ್ಟವುಗಳಲ್ಲಿ ಆ ಸಾಲೂ ಒಂದು. ಮದುವೆ ಊಟದಲ್ಲಿ ಪಂಕ್ತಿಯ ತುದಿಯಲ್ಲಿ ಕೂತವನ ಎಲೆಗೆ ಬರುವಾಗಲೇ ಪಾಯಸ ಮುಗಿಯುವುದು ಹೊಸ ಸಂಗತಿಯೇನಲ್ಲ.

ಹೀಗಿದ್ದರೂ ನಾನು ಗೂಗಲ್‌ನ ಹೆಸರನ್ನು ಮೊದಲ ಸ್ಥಾನದಲ್ಲಿ ಇಡಲಾರೆ. ಕಾರಣ ಸರಳ. ಅಕ್ಕನ ಫೋನಿನ ಇಪ್ಪತ್ತೆರಡನ್ನು ನಾನು ಕಾಗದದಲ್ಲಿ ಬರೆದು ಬೇರೆ ಮಾಡಿದೆ. ಗೂಗಲ್‌ನವು ಆರು. ಅಂಗಡಿ ಹುಡುಗನದ್ದು ಒಂದು. ಉಳಿದ ಹದಿನೈದು ಫೋನು ಮಾಡಿದ ಕಂಪೆನಿಯವು, ಇಲ್ಲವೇ ಅದಕ್ಕೆ ಹಣ ಕೊಟ್ಟು ಒಳಗೆ ಸೇರಿಕೊಂಡವು. ಇಸ್ಪೀಟನ್ನು ಇಡು ಎಂದು ಗೂಗಲ್ ಯಾವ ಒಪ್ಪಂದದಲ್ಲಿಯೂ ಹೇಳಿಲ್ಲ. ಇಟ್ಟದ್ದಕ್ಕೆ ತೆಗೆಯುವ ಗುಂಡಿಯನ್ನು ಕೊಡಬೇಡ ಎಂದೂ ಹೇಳಿಲ್ಲ. ಆ ವಿನಯದ ಹೆಣ್ಣುಮಗಳ ಬಾಯಿಯಿಂದ ಕಂಪೆನಿ ಹೇಳಿಸಿದ ಮಾತು ನೆರೆಮನೆಯವನು ಕಳ್ಳ, ಆದ್ದರಿಂದ ನಾನು ಕದ್ದದ್ದು ಲೆಕ್ಕಕ್ಕಿಲ್ಲ ಎಂಬ ಜಾತಿಯದು.

ಇನ್ನು ಈ ವಸ್ತುಗಳು ಕೂರುವ ರೀತಿ. ಫೋನಿನ ಸಂಗ್ರಹವನ್ನು ಎರಡು ಕೋಣೆ ಎಂದು ತಿಳಿಯಬಹುದು. ಒಂದು ಕಂಪೆನಿ ಬೀಗ ಹಾಕಿದ ಕೋಣೆ. ಅಲ್ಲಿರುವುದನ್ನು ಓದಬಹುದು, ಅಳಿಸಲು ಆಗದು. ಇನ್ನೊಂದು ನಮ್ಮದು, ಫೋಟೋ, ಹಾಡು, ಭಾವನ ವಾಲಿ ಎಲ್ಲ ಅಲ್ಲಿ. ಬೇಡದ ಆ್ಯಪ್ ಹುಟ್ಟುವುದು ಬೀಗದ ಕೋಣೆಯಲ್ಲಿ. ಅದಕ್ಕೆ ಪರಿಷ್ಕೃತ ಪ್ರತಿ ಬಂದಾಗ ಹಳೆಯದು ಅಲ್ಲೇ ಕೂತಿರುತ್ತದೆ, ಹೊಸದು ನಮ್ಮ ಕೋಣೆಗೆ ಬಂದು ಕೂರುತ್ತದೆ. ಹೀಗೆ ಒಬ್ಬನೇ ಆಸಾಮಿ ಎರಡು ಕಡೆ ಚಾಪೆ ಹಾಸುತ್ತಾನೆ. ವರ್ಷ ಕಳೆದಂತೆ ಬೆಳೆಯುವುದು ನಮ್ಮ ಕೋಣೆಯ ಚಾಪೆ. 32 ಜಿಬಿ ಎಂದು ಪೆಟ್ಟಿಗೆಯ ಮೇಲೆ ಬರೆದ ಫೋನಿನಲ್ಲಿ ಅಕ್ಕನ ಪಾಲಿಗೆ ಉಳಿದದ್ದು ಎಷ್ಟೆಂದು ಎಲ್ಲಿಯೂ ಬರೆದಿರಲಿಲ್ಲ. ನಮ್ಮ ಅಡಿಕೆಯನ್ನು ಕೊಳ್ಳುವ ವ್ಯಾಪಾರಿ ಗೋಣಿಯ ತೂಕವನ್ನು ಕಳೆದು ದುಡ್ಡು ಕೊಡುತ್ತಾನೆ. ಅದು ನ್ಯಾಯ. ನಮಗೆ ಮಾರುವಾಗ ಮಾತ್ರ ಗೋಣಿಗೂ ಕ್ರಯ! ಕಟ್ಟಿದ ಪೊಟ್ಟಣದ ಮೇಲೆ ಒಳಗಿನ ನಿವ್ವಳ ತೂಕ ಬರೆಯಬೇಕೆಂದು 2011ರ ನಿಯಮ ಹೇಳುತ್ತದೆ. ಒಂದು ಲೀಟರ್ ತೆಂಗಿನೆಣ್ಣೆಯ ಬಾಟಲಿಯಲ್ಲಿ ಅರ್ಧ ಲೀಟರ್ ಮಾರುವವನದ್ದೇ ಎಂದರೆ ಬದಿಯಡ್ಕದ ಪೇಟೆಯಲ್ಲಿ ಜನ ಸುಮ್ಮನಿರುತ್ತಾರೆಯೇ?

ನಮ್ಮ ಕಡೆಯ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಪದಗಳು ಗೊತ್ತು. ಕಾಸರಗೋಡು ಮದರಾಸಿನ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದ ಮಾತು. ಮೂಲಗೇಣಿದಾರನನ್ನು, ಗೇಣಿ ಸಲ್ಲಿಸುವ ತನಕ, ಒಕ್ಕಲೆಬ್ಬಿಸುವಂತಿಲ್ಲ. ಅವನ ಹಕ್ಕು ತಲೆಮಾರಿನಿಂದ ತಲೆಮಾರಿಗೆ. ಚಾಲಗೇಣಿಯವನು ಧಣಿಯ ಮರ್ಜಿ ಇರುವಷ್ಟು ದಿನ. ಈಗ ಫೋನನ್ನು ನೋಡಿ. ದುಡ್ಡು ಕೊಟ್ಟು ಪಟ್ಟೆ ಮಾಡಿಸಿಕೊಂಡವಳು ಅಕ್ಕ. ಅವಳ ಭೂಮಿಯಲ್ಲಿ ಇಸ್ಪೀಟಿನವನು ಮೂಲಗೇಣಿ. ಫ್ಯಾಕ್ಟರಿ ರೀಸೆಟ್ ಎಂಬ ಪ್ರಳಯ ಮಾಡಿದರೂ ಮತ್ತೆ ಅಲ್ಲೇ ಹುಟ್ಟುತ್ತಾನೆ. ಅಕ್ಕನ ಗಂಡನ ಧ್ವನಿ ಚಾಲಗೇಣಿ. ಗೇಣಿಯೋ, ಅಕ್ಕನಿಗೆ ಒಂದು ಸೇರು ಅಕ್ಕಿಯೂ ಬರುವುದಿಲ್ಲ; ಭೂಮಿಯನ್ನು ಆಗಲೇ ಮಾರಿ ಹಣ ಎಣಿಸಿಕೊಂಡ ಕಂಪೆನಿಗೆ ಸಂದಾಯವಾಗುತ್ತದೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಕೇಳಿ ಬೆಳೆದ ನಮ್ಮ ತಲೆಮಾರು ಇಂಥ ಗೇಣಿಪದ್ಧತಿಯನ್ನು ಕಂಡಿರಲಿಲ್ಲ.

ಅಳಿಯನ ವಾದಗಳಿಗೆ ಬರುತ್ತೇನೆ. ಅವನನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ಕಂಪೆನಿಗಳು ಹೇಳುವುದನ್ನು ಅವನು ಅವರಿಗಿಂತ ಚೆನ್ನಾಗಿ ಹೇಳಿದ.

ಫೋನು ಅಗ್ಗವಾಗಿ ಸಿಗುವುದೇ ಈ ಆ್ಯಪ್‌ಗಳು ಕೊಡುವ ಹಣದಿಂದ ಎಂಬುದು ಅವನ ದೊಡ್ಡ ವಾದ. ಇದರಲ್ಲಿ ಸತ್ಯವಿದೆ. ಶಿಯೋಮಿ ಕಂಪೆನಿಯ ಮುಖ್ಯಸ್ಥರು 2018ರಲ್ಲಿ, ತಮ್ಮ ಯಂತ್ರಗಳ ಮಾರಾಟದಿಂದ ಶೇಕಡಾ 5ಕ್ಕಿಂತ ಹೆಚ್ಚು ನಿವ್ವಳ ಲಾಭ ತೆಗೆಯುವುದಿಲ್ಲ ಎಂದು ಬಹಿರಂಗವಾಗಿ ಮಾತು ಕೊಟ್ಟರು. ಉಳಿದ ಸಂಪಾದನೆ ಜಾಹೀರಾತು ಮುಂತಾದ ಅಂತರಜಾಲ ಸೇವೆಗಳಿಂದ. ಅದು ಅವರ ವ್ಯಾಪಾರ, ಮಾಡಲಿ. ಆದರೆ ಅಗ್ಗ ಎಷ್ಟು? ಇನ್ನೂರು ರೂಪಾಯಿಯೋ, ಎರಡು ಸಾವಿರವೋ? ಹೇಳಿ ಮಾರಲು ಕಷ್ಟವೇನು? 2011ರಲ್ಲಿ ಅಮೆಜಾನ್ ತನ್ನ ಕಿಂಡಲ್ ಎಂಬ ಓದುವ ಯಂತ್ರವನ್ನು ಅಮೆರಿಕದಲ್ಲಿ ಎರಡು ಕ್ರಯಕ್ಕೆ ಮಾರಿತು. ಜಾಹೀರಾತಿಲ್ಲದ್ದು 139 ಡಾಲರು, ಜಾಹೀರಾತಿನದ್ದು 114. ಬೇಕಾದವನು ಬೇಕಾದ್ದನ್ನು ಕೊಂಡ. ಅಲ್ಲಿ ಅದು ಸಾಧ್ಯವಾದರೆ ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಬಳಿ ಯಾಕೆ ಸಾಧ್ಯವಿಲ್ಲ? ನನ್ನ ಅಕ್ಕನಿಗೆ ಕೇಳಿದ್ದರೆ ಇನ್ನೂ ಐನೂರು ರೂಪಾಯಿ ಕೊಡುತ್ತಿದ್ದಳೋ ಇಲ್ಲವೋ, ಗೊತ್ತಿಲ್ಲ. ಕೇಳಲಿಲ್ಲ ಎಂಬುದು ಗೊತ್ತು. ಬಡವನ ಫೋನಿನಲ್ಲಿ ಹೆಚ್ಚು ಕಸ ಇರುವುದು ಬಡವನಿಗೆ ಮಾಡಿದ ಉಪಕಾರ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಬಳಕೆದಾರ ಒಪ್ಪಿಗೆ ಕೊಟ್ಟಿರುತ್ತಾನೆ ಎಂಬುದು ಇನ್ನೊಂದು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ ವಾದ. ಒಪ್ಪಿಗೆ ಯಾವ ಭಾಷೆಯಲ್ಲಿ? 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು. ವಿಲೇಜ್ ಆಫೀಸಿಗೆ ಅಕ್ಕ ಕನ್ನಡದಲ್ಲಿ ಅರ್ಜಿ ಬರೆಯಬಲ್ಲಳು, ಬರೆದಿದ್ದಾಳೆ. ಆ ಸೌಲಭ್ಯ ಕಾಗದದ ಮೇಲೆ ಎಷ್ಟು, ಕೌಂಟರಿನಲ್ಲಿ ಎಷ್ಟು ಎಂಬುದು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಹಕ್ಕು ಹಕ್ಕೇ. ಫೋನು ಮಾತ್ರ ಷರತ್ತುಗಳನ್ನು ಇಂಗ್ಲಿಷಿನಲ್ಲಿ ಮುಂದಿಟ್ಟಿತು. ಸಾಲದ ಆ್ಯಪ್‌ನ ಸೂಚನೆಗಳು ಅವಳಿಗೆ ಮಲಯಾಳದಲ್ಲಿ ಬರುತ್ತಿದ್ದವು. ಸಿಮ್ ಕೇರಳದ್ದೆಂದು ಯಾವುದೋ ಯಂತ್ರ ಲೆಕ್ಕ ಹಾಕಿರಬೇಕು. ಆಡಲು ಮಲಯಾಳ ಬಂದರೂ ಓದಲು ಬಾರದ ಕನ್ನಡ ಮಾಧ್ಯಮದ ಹೆಂಗಸರು ನಮ್ಮ ಮನೆಮನೆಯಲ್ಲಿ ಇದ್ದಾರೆ. ಅವರು ಓದದ ಭಾಷೆಯಲ್ಲಿ ಕೇಳಿ, ಅವರು ಒತ್ತಿದ್ದನ್ನು ಸಮ್ಮತಿ ಎಂದು ಕರೆಯುವುದಕ್ಕಿಂತ ಕೇಳದೇ ಇದ್ದಿದ್ದರೆ ಪ್ರಾಮಾಣಿಕವಾಗುತ್ತಿತ್ತು. ಎಷ್ಟೋ ಆ್ಯಪ್‌ಗಳ ವಿಷಯದಲ್ಲಿ ಅದನ್ನೂ ಕೇಳುವುದಿಲ್ಲ. ಬೀಗದ ಕೋಣೆಯಲ್ಲಿ ಹುಟ್ಟಿದವುಗಳಿಗೆ ಕೆಲವು ಅಧಿಕಾರಗಳು ಹುಟ್ಟಿನಿಂದಲೇ ಇರುತ್ತವೆ. ನಾವು ಹೊರಗಿನಿಂದ ತಂದು ಹಾಕಿಕೊಳ್ಳುವ ಆ್ಯಪ್‌ಗಳಿಗೆ ಅವು ಸಿಗುವುದೇ ಇಲ್ಲ.

ಬೇಡವಾದರೆ ನಿಷ್ಕ್ರಿಯಗೊಳಿಸಬಹುದಲ್ಲ ಎಂದೂ ಅಳಿಯ ಹೇಳಿದ. 2011ರ ಆಂಡ್ರಾಯ್ಡ್ 4.0ರಿಂದ ಆ ಸೌಕರ್ಯ ಇದೆಯಂತೆ. ಸರಿ. ಕೆಲವಕ್ಕೆ ಇದೆ, ಕೆಲವಕ್ಕೆ ಆ ಗುಂಡಿಯೂ ಮಂಕು. ಕಂಪ್ಯೂಟರಿಗೆ ಜೋಡಿಸಿ ಎರಡು ಸಾಲು ಆಜ್ಞೆ ಬರೆದರೆ ಅವೂ ಕಣ್ಮರೆಯಾಗುತ್ತವೆ ಎಂದು ಮಾಡಿಯೂ ತೋರಿಸಿದ. ಕಳ್ಳ ನುಗ್ಗಿದ ಮನೆಯವನಿಗೆ ಕುಸ್ತಿ ಕಲಿತುಕೋ ಎನ್ನುವ ಸಲಹೆ ಇದು. ಕಲಿತರೆ ಒಳ್ಳೆಯದೇ. ಕಲಿಯದಿದ್ದರೆ ತಪ್ಪು ಮನೆಯವನದ್ದಾಗುತ್ತದೆಯೇ?

ತೆಗೆಯುವ ಗುಂಡಿ ಕೊಡಲು ತಾಂತ್ರಿಕವಾಗಿ ಸಾಧ್ಯವಿಲ್ಲ ಎಂಬ ಮಾತನ್ನಂತೂ ಇನ್ನು ಯಾರೂ ಆಡಬಾರದು. ದಕ್ಷಿಣ ಕೊರಿಯಾದ ಸರಕಾರ 2014ರಲ್ಲಿಯೇ ಅಗತ್ಯವಲ್ಲದ ಆ್ಯಪ್‌ಗಳನ್ನು ಬಳಕೆದಾರರು ಅಳಿಸುವಂತಿರಬೇಕು ಎಂದು ಮಾರ್ಗಸೂಚಿ ಮಾಡಿತು. ತನ್ನ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಲು ಬಿಡದ ಆ್ಯಪಲ್ ಕಂಪೆನಿ ಕೂಡ 2016ರಲ್ಲಿ ತನ್ನದೇ ಹಲವು ಆ್ಯಪ್‌ಗಳನ್ನು ತೆಗೆಯಲು ಅವಕಾಶ ಕೊಟ್ಟಿತು. ಚೀನಾದಲ್ಲಿ 2023ರ ಜನವರಿ 1ರಿಂದ, ಫೋನಿನ ಮೂಲಭೂತ ಕೆಲಸಗಳಿಗೆ ಬೇಕಾದವುಗಳನ್ನು ಬಿಟ್ಟು ಉಳಿದೆಲ್ಲ ಆ್ಯಪ್‌ಗಳನ್ನು ತೆಗೆಯುವಂತಿರಬೇಕು ಎಂಬ ನಿಯಮವಿದೆ. ಯುರೋಪಿನಲ್ಲಿ ದೊಡ್ಡ ಕಂಪೆನಿಗಳಿಗೆ 2024ರ ಮಾರ್ಚಿನಿಂದ ಇಂಥದೇ ಕಟ್ಟುಪಾಡು. ಅಲ್ಲಿಗೂ ಇಲ್ಲಿಗೂ ಫೋನು ಕಳಿಸುವ ಕಂಪೆನಿಗೆ ಅಲ್ಲಿ ಆಗುವುದು ಇಲ್ಲಿ ಆಗದಿದ್ದರೆ ಅದು ತಂತ್ರಜ್ಞಾನದ ತೊಡಕಲ್ಲ, ನಮ್ಮ ಬೆಲೆ ಅಷ್ಟೇ ಎಂಬ ಲೆಕ್ಕ.

‘ಆದರೆ ಮಾವ, ಒಳಗೆ ಏನೇನಿದೆಯೆಂದು ಫೋನು ಕಂಪೆನಿಗೇ ಪೂರ್ತಿ ಗೊತ್ತಿರುವುದಿಲ್ಲ’ ಎಂದ ಅಳಿಯ. ಇದು ನಿಜವೆಂದು ಆಮೇಲೆ ಓದಿ ತಿಳಿದೆ. ತಿಳಿದು ಭಯವೂ ಆಯಿತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಪೇನ್ ಮತ್ತು ಅಮೆರಿಕದ ಸಂಶೋಧಕರು 214 ತಯಾರಕರ 1,700ಕ್ಕೂ ಹೆಚ್ಚು ಫೋನುಗಳಿಂದ ಮೊದಲೇ ತುಂಬಿಸಿದ 82 ಸಾವಿರಕ್ಕೂ ಹೆಚ್ಚು ಆ್ಯಪ್‌ಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಅವುಗಳಲ್ಲಿ ಸುಮಾರು ನೂರಕ್ಕೆ ಒಂಬತ್ತರ ಹೆಸರು ಮಾತ್ರ ಪ್ಲೇ ಸ್ಟೋರಿನಲ್ಲಿ ಸಿಕ್ಕಿತಂತೆ. ಉಳಿದವು ಯಾವ ಪೇಟೆಯಲ್ಲಿಯೂ ಕಾಣಿಸಿಕೊಳ್ಳದವು. ಅದೇ 2019ರ ಜೂನಿನಲ್ಲಿ ಗೂಗಲ್ ಇನ್ನೊಂದು ಸಂಗತಿಯನ್ನು ಒಪ್ಪಿಕೊಂಡಿತು. ಟ್ರಯಾಡ ಎಂಬ ದುಷ್ಟ ತಂತ್ರಾಂಶ ಕೆಲವು ಫೋನುಗಳಲ್ಲಿ ಕಾರ್ಖಾನೆಯಿಂದಲೇ ಬಂದಿತ್ತು. ಹೇಗೆಂದರೆ, ಮುಖ ನೋಡಿ ಬೀಗ ತೆರೆಯುವಂಥ ಸೌಕರ್ಯಗಳನ್ನು ಸೇರಿಸಿ ಕೊಡಲು ಫೋನು ಕಂಪೆನಿಗಳು ಇಡೀ ವ್ಯವಸ್ಥೆಯ ಪ್ರತಿಯನ್ನು ಹೊರಗಿನ ಗುತ್ತಿಗೆದಾರನಿಗೆ ಕೊಡುತ್ತವೆ. ಆ ಗುತ್ತಿಗೆದಾರ ಕೇಳಿದ್ದರ ಜೊತೆಗೆ ಕೇಳದ್ದನ್ನೂ ಸೇರಿಸಿ ವಾಪಸು ಕೊಟ್ಟಿದ್ದ. 2016ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕೆಲವು ಅಗ್ಗದ ಫೋನುಗಳು ಅಲ್ಲಿನವರ ಸಂದೇಶಗಳನ್ನು ಶಾಂಘೈಯ ಸರ್ವರಿಗೆ ರವಾನಿಸುತ್ತಿದ್ದುದೂ ಬಯಲಾಗಿತ್ತು. ಅದೂ ಮೊದಲೇ ಕೂತಿದ್ದ, ಪರಿಷ್ಕರಣೆಯ ನೆಪದ ತಂತ್ರಾಂಶದ ಕೆಲಸ.

ಅಳಿಯ ಇದನ್ನೆಲ್ಲ ಹೇಳಿದ್ದು ಕಂಪೆನಿಯ ಹೊಣೆಯನ್ನು ಹಗುರ ಮಾಡಲು. ನನ್ನ ದೃಷ್ಟಿಯಲ್ಲಿ ಅದು ಭಾರವಾಗುತ್ತದೆ. ಅಡುಗೆ ಗುತ್ತಿಗೆಗೆ ಕೊಟ್ಟವನು ಸಾರಿನಲ್ಲಿ ಹಲ್ಲಿ ಬಿದ್ದರೆ ಭಟ್ಟರ ಸಹಾಯಕನ ಹೆಸರು ಹೇಳಿ ಪಾರಾಗಲು ಬರುವುದಿಲ್ಲ. ಉಣ್ಣಲು ಕರೆದವನು ಯಾರು? ಪೆಟ್ಟಿಗೆಯ ಮೇಲೆ ಯಾರ ಹೆಸರಿದೆಯೋ ಅವನು. ಫೋನನ್ನು ಮುಚ್ಚಿ ಮೊಹರು ಹಾಕುವ ಮೊದಲು ಒಳಗಿನದೆಲ್ಲವನ್ನೂ ನೋಡುವ ಅಧಿಕಾರ, ಬೇಡ ಎನ್ನುವ ಅಧಿಕಾರ, ತೆಗೆಯುವ ಗುಂಡಿ ಇಡುವ ಅಧಿಕಾರ ಮೂರೂ ಇರುವವನು ಈ ಸರಪಳಿಯಲ್ಲಿ ಅವನೊಬ್ಬನೇ. ಗೂಗಲ್‌ನ ಆರನ್ನು ನಿರಾಕರಿಸಲು ಅವನಿಗೆ ಕಷ್ಟವಿತ್ತೆಂದು ಆಯೋಗವೇ ಹೇಳಿದೆ, ಒಪ್ಪಿದೆ. ಹದಿನೈದನ್ನು ನಿರಾಕರಿಸಲು ಏನು ಕಷ್ಟವಿತ್ತು? ಹಣ ಬರುತ್ತಿತ್ತು ಎಂಬುದನ್ನು ಬಿಟ್ಟು?

ಸರಕಾರದ ಪಾತ್ರವನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಬೇಕೆಂದಾಗ ನಮ್ಮ ಸರಕಾರ ಫೋನು ಕಂಪೆನಿಗಳ ಕಿವಿ ಹಿಂಡಬಲ್ಲದು. ಎಲ್ಲ ಫೋನುಗಳಲ್ಲಿ 22 ಭಾಷೆಗಳ ಅಕ್ಷರ ಕಾಣುವಂತಿರಬೇಕು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯುವಂತಿರಬೇಕು ಎಂಬ ನಿಯಮವನ್ನು 2016ರಲ್ಲಿ ಮಾಡಿದ್ದು ಇದೇ ಸರಕಾರ. (ತುಳು ಆ ಇಪ್ಪತ್ತೆರಡರಲ್ಲಿ ಇಲ್ಲ, ಅದು ಇನ್ನೊಂದು ಸಂಕಟ.) ಗ್ರಾಹಕ ಕೇಳದ ಸಾಮಾನನ್ನು ಅವನ ಬುಟ್ಟಿಗೆ ತುರುಕುವುದು ನಿಷಿದ್ಧ ಎಂದು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸಗಳನ್ನು ಹೆಸರಿಸಿದ್ದೂ ಇದೇ ಸರಕಾರ. ಪೆಟ್ಟಿಗೆ ತೆರೆಯುವ ಮೊದಲೇ ಬುಟ್ಟಿಯ ತಳಕ್ಕೆ ಹೊಲಿದುಬಿಟ್ಟ ಸಾಮಾನಿನ ಬಗ್ಗೆ ಮಾತ್ರ ಇಷ್ಟು ಸ್ಪಷ್ಟವಾದ ಮಾತು ಬರಲಿಲ್ಲ.

ಬದಲಿಗೆ ಬಂದದ್ದೇನು? 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಫೋನು ತಯಾರಕರಿಗೆ ಒಂದು ನಿರ್ದೇಶನ ಕೊಟ್ಟಿತು. ಸಂಚಾರ ಸಾಥಿ ಎಂಬ ಸರಕಾರಿ ಆ್ಯಪ್‌ನ್ನು ತೊಂಬತ್ತು ದಿನಗಳೊಳಗೆ ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ತುಂಬಿಸಬೇಕು, ಅದರ ಕೆಲಸಗಳನ್ನು ತಡೆಯುವಂತಿರಬಾರದು! ಕಳೆದುಹೋದ ಫೋನನ್ನು ನಿಲ್ಲಿಸಲು, ಕೊಳ್ಳುವ ಫೋನು ಕದ್ದದ್ದೋ ಎಂದು ನೋಡಲು ಅದು ಉಪಯುಕ್ತವೇ. ನಾನೇ ಅದನ್ನು ಬಳಸಿದ್ದೇನೆ. ಪ್ರಶ್ನೆ ಅದಲ್ಲ. ಕಳ್ಳರನ್ನು ಓಡಿಸಬೇಕಾದವನು ತಾನೂ ಒಂದು ಚಾಪೆ ತಂದು ಜಗಲಿಯಲ್ಲಿ ಹಾಸಿದರೆ ಮನೆಯವಳು ಯಾರ ಬಳಿ ದೂರುವುದು? ದೇಶದಲ್ಲೆಲ್ಲ ಗಲಾಟೆಯಾಯಿತು. ಬೇಡವಾದವರು ಅಳಿಸಬಹುದು ಎಂದು ಮಂತ್ರಿಗಳು ಹೇಳಿದರು. ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂತೆಗೆದುಕೊಂಡರು. ವಿರೋಧಿಸಿದವರಲ್ಲಿ ನಾನೂ ಒಬ್ಬ, ಊರ ಗ್ರಂಥಾಲಯದ ಸಭೆಯಲ್ಲಿ ಭಾಷಣವನ್ನೂ ಮಾಡಿದೆ. ಭಾಷಣ ಮುಗಿಸಿ ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಒಂದು ಸರಕಾರಿ ಆ್ಯಪ್‌ನ್ನು ದೇಶ ಆರು ದಿನ ಸಹಿಸಲಿಲ್ಲ. ಇಪ್ಪತ್ತೆರಡು ಖಾಸಗಿ ಆ್ಯಪ್‌ಗಳನ್ನು ಎಷ್ಟು ವರ್ಷದಿಂದ ಸಹಿಸಿದ್ದೇವೆ? ಅಕ್ಕನ ಪ್ರಕರಣ ಆಗುವ ಮೊದಲು ನಾನೇ ಒಂದು ಮಾತಾದರೂ ಆಡಿದ್ದೆನೆ?

ಆದರೂ ಇದರಿಂದ ‘ನಾವೆಲ್ಲರೂ ಜವಾಬ್ದಾರರು’ ಎಂಬ ತೀರ್ಮಾನಕ್ಕೆ ಅಳಿಯ ಹಾರಬಾರದು. ಸುಮ್ಮನಿದ್ದವನದ್ದು ದೌರ್ಬಲ್ಯ, ತುರುಕಿದವನದ್ದು ಅಪರಾಧ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತುರುಕಿದವನಿಗೆ ಲಾಭ.

ಗ್ರಾಹಕ ಆಯೋಗಕ್ಕೆ ಕೊಡಲು ದೂರನ್ನು ಬರೆದಿದ್ದೇನೆ. ಕನ್ನಡದಲ್ಲಿಯೇ ಬರೆದಿದ್ದೇನೆ, ಅನುವಾದ ಬೇಕೆಂದರೆ ಅಳಿಯ ಮಾಡಿಕೊಡುತ್ತಾನೆ. ಐದು ಲಕ್ಷ ರೂಪಾಯಿಯೊಳಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ ಎಂಬುದನ್ನು ಇಂಥದೇ ತೊಂದರೆಯಲ್ಲಿರುವ ಓದುಗರು ತಿಳಿದಿರಲಿ. ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಫೋನು ಕೊಂಡದ್ದು 2021ರ ಓಣಂ ಹೊತ್ತಿಗೆ, ಅವಧಿ ಮೀರಿದೆ ಎಂದು ಎದುರಿನವರು ವಾದಿಸಬಹುದು. ಹಾನಿಯಾದದ್ದು 2025ರ ಫೆಬ್ರವರಿಯಲ್ಲಿ ಎಂಬುದು ನನ್ನ ವಾದ. ನಿಲ್ಲುತ್ತದೋ ಇಲ್ಲವೋ ನೋಡಬೇಕು. ಪರಿಹಾರ ಎಷ್ಟು ಕೇಳುವುದೆಂದು ವಕೀಲರು ವಿಚಾರಿಸಿದಾಗ ಅಕ್ಕ, ‘ದುಡ್ಡು ಬೇಡ, ಆ ಗುಂಡಿ ಇಡಲಿಕ್ಕೆ ಹೇಳಿ’ ಎಂದಳು. ಅಂಥ ಕಾಲಮ್ಮು ನಮೂನೆಯಲ್ಲಿ ಇಲ್ಲ, ಬೇರೆ ಹಾಳೆಯಲ್ಲಿ ಬರೆದು ಸೇರಿಸಿದ್ದೇನೆ.

ಎದುರುಕಕ್ಷಿ ಎಂಬಲ್ಲಿ ಅಳಿಯ ನಾಲ್ಕು ಹೆಸರುಗಳನ್ನು ಸೂಚಿಸಿದ್ದ. ನಾನು ಒಂದನ್ನು ಮಾತ್ರ ಬರೆದೆ. ಕಾಗುಣಿತ ತಪ್ಪಬಾರದೆಂದು ಫೋನಿನ ಪೆಟ್ಟಿಗೆಯನ್ನು ನೋಡಿ ಬರೆದೆ. ಅಕ್ಕ ಅದನ್ನು ಎಸೆದಿರಲಿಲ್ಲ, ಸೂಜಿ ನೂಲು ಹಾಕಿಟ್ಟುಕೊಂಡಿದ್ದಳು.